ಜಸ್ಟ್ ಎರಡು ದಿನಕ್ಕೆ

ಮೊನ್ನೆ ನನ್ನ ಮಗಳು ದಾವಣಗೆರೆಯ ಹಾಸ್ಟೆಲ್ಲಿನಿಂದ ಒಂದು ಮೆಸೇಜು ಹಾಕಿದಳು: ‘ಅಮ್ಮಾ, ಜಸ್ಟ್ ಸಣ್ಣ ತಲೆನೋವು, ಮಲಗ್ತೀನಿ.’ ಅಷ್ಟೇ. ಬೇರೆ ತಾಯಂದಿರಾಗಿದ್ದರೆ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ತಮ್ಮ ಪಾಡಿಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಒಲೆ ಆರಿಸಿದೆ, ಕುರ್ಚಿಯಲ್ಲಿ ಕೂತೆ, ಎದ್ದೆ, ಸೊರಬದಿಂದ ದಾವಣಗೆರೆಗೆ ಈ ಹೊತ್ತಿನಲ್ಲಿ ಯಾವ ಬಸ್ಸು ಸಿಗುತ್ತದೆ ಎಂದು ಯೋಚಿಸಿದೆ, ಅವಳ ರೂಮಿನ ಹುಡುಗಿಗೆ ಫೋನು ಮಾಡಿದೆ, ಆ ಹುಡುಗಿ ಎತ್ತದಿದ್ದಾಗ ವಾರ್ಡನ್ನಿಗೇ ಮಾಡಿದೆ. ಮಗಳು ವಾಪಸು ಕರೆದು, ತಲೆನೋವು ಅಂತ ಹೇಳಿದ್ದೇ ತನ್ನ ತಪ್ಪು ಎಂದು ಸಿಡುಕಿದಳು. ಪಾಪ, ಅವಳಿಗೇನು ಗೊತ್ತು. ‘ತಲೆನೋವು, ಮಲಗ್ತೀನಿ’ ಎಂದು ಬರೆದಿದ್ದರೆ ನಾನೂ ಒಗ್ಗರಣೆ ಹಾಕುತ್ತಿದ್ದೆ. ನನ್ನನ್ನು ಎಬ್ಬಿಸಿ ಕೂರಿಸಿದ್ದು ಆ ‘ಜಸ್ಟ್’. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ತಲೆ ಎತ್ತದೆ ಹೇಳಿದರು:

“ಎಲ್ಲರ ಹೆಂಡ್ತೀರಿಗೂ ಬಿ.ಪಿ., ಶುಗರ್ರು ಇರ್ತದೆ. ನನ್ನ ಹೆಂಡ್ತಿಗೆ ಜಸ್ಟ್ ಇದೆ.”

ಈ ಕಾಯಿಲೆ ನನಗೆ ಎಲ್ಲಿ ಅಂಟಿತು ಎಂದು ನನಗೆ ಚೆನ್ನಾಗಿ ಗೊತ್ತು. ನಾನು ಹುಟ್ಟಿ ಬೆಳೆದ ಮನೆ ಶಿಕಾರಿಪುರದಲ್ಲಿ, ಬಸ್‌ಸ್ಟ್ಯಾಂಡಿನ ಹಾರ್ನು ಕೇಳುವಷ್ಟು ಹತ್ತಿರದ ಓಣಿಯೊಂದರಲ್ಲಿತ್ತು. ಅಗಲವೇ ಇಲ್ಲದ, ಬರೀ ಉದ್ದದ ಮನೆ. ಜಗಲಿ, ನಡುಮನೆ, ಅಕ್ಕಿ ಇಡುವ ಕತ್ತಲೆ ಕೋಣೆ, ಅಡುಗೆಮನೆ, ಬಚ್ಚಲು, ಹಿತ್ತಿಲು ಎಲ್ಲವೂ ಒಂದರ ಹಿಂದೆ ಒಂದು. ಬಾಗಿಲುಗಳು ಎಷ್ಟು ನೇರ ಸಾಲಿನಲ್ಲಿದ್ದವೆಂದರೆ ಜಗಲಿಯಲ್ಲಿ ನಿಂತವರಿಗೆ ಹಿತ್ತಿಲಿನಲ್ಲಿ ಪಾತ್ರೆ ತಿಕ್ಕುವವರ ಬೆನ್ನು ಕಾಣುತ್ತಿತ್ತು. ಅಂಥ ಮನೆಯಲ್ಲಿ ಯಾವುದನ್ನೂ ಬಚ್ಚಿಡಲು ಜಾಗವಿರಲಿಲ್ಲ. ಹಾಗಾಗಿ ನಮ್ಮವರು ಎಲ್ಲವನ್ನೂ ಮಾತಿನ ಒಳಗೇ ಬಚ್ಚಿಡುವುದನ್ನು ಕಲಿತಿದ್ದರು. ಅಪ್ಪನಿಗೆ ಬಸ್‌ಸ್ಟ್ಯಾಂಡಿನ ಮುಂದೆ ಸೈಕಲ್ ಶಾಪು. ಅವನ ತಾಯಿ, ನನ್ನ ಅಜ್ಜಿ, ಮನೆಯ ಯಜಮಾನಿ. ಅಜ್ಜಿ ಜೋಳದ ರೊಟ್ಟಿಯವಳು, ಅಮ್ಮ ಸೊರಬದ ಕಡೆಯ ಕುಬಟೂರಿನಿಂದ ಬಂದ ಅಕ್ಕಿ ರೊಟ್ಟಿಯವಳು. ಒಂದೇ ಹಂಚಿನ ಮೇಲೆ ಬೆಳಿಗ್ಗೆ ಯಾವ ರೊಟ್ಟಿ ಬೀಳಬೇಕೆಂಬುದಕ್ಕೆ ಅತ್ತೆ ಸೊಸೆ ಮಾತಿಲ್ಲದೆ ಜಗಳವಾಡುತ್ತಿದ್ದರು. ಹಿಟ್ಟಿನ ಡಬ್ಬಿಯ ಮುಚ್ಚಳ ಯಾರು ಮೊದಲು ತೆಗೆದರು ಎಂಬ ಸದ್ದಿನ ಮೇಲೆ, ಹಾಸಿಗೆಯಲ್ಲಿ ಮಲಗಿದ್ದ ನಾನು ಆ ದಿನದ ಹವಾಮಾನ ಹೇಳುತ್ತಿದ್ದೆ.

‘ಜಸ್ಟ್’ ಈ ಮನೆಗೆ ಬಂದದ್ದು ಅಪ್ಪನ ತಂಗಿ ಲಲಿತತ್ತೆಯ ಮದುವೆಯ ಜೊತೆಯಲ್ಲಿ. ಹೆಣ್ಣು ನೋಡಲು ಬಂದ ಗಂಡು ಸೊರಬದಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ತೆಳ್ಳಗಿನ ಮೀಸೆ. ಅಜ್ಜಿ ಇನ್ನೊಂದು ಲೋಟ ಕಾಫಿ ಹಿಡಿದು ಬಂದಾಗ ಅವರು ಅಂಗೈ ಅಡ್ಡ ಹಿಡಿದು “ಜಸ್ಟ್ ಅರ್ಧ ಲೋಟ” ಎಂದರು. ನಮ್ಮ ನಡುಮನೆಯಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಚಂದವಾಗಿ ಅರ್ಧ ಲೋಟ ಕೇಳಿರಲಿಲ್ಲ. ಅಪ್ಪ ಮಾರುಹೋದ. ಮದುವೆಯ ನಂತರ ನಮ್ಮನೆಯಲ್ಲಿ ಆ ಶಬ್ದಕ್ಕೆ ಬಿಡುವೇ ಇರಲಿಲ್ಲ. ಸೈಕಲ್ ಶಾಪಿನಲ್ಲಿ ಗಿರಾಕಿ ಕಾಯುತ್ತಿದ್ದರೆ ಅಪ್ಪನದು “ಜಸ್ಟ್ ಐದು ನಿಮಿಷ”, ಅಂದರೆ ಸಂಜೆ ಬನ್ನಿ ಎಂದು. ಅಮ್ಮನದು “ಹಾಲು ಜಸ್ಟ್ ಉಕ್ತು”, ಅಂದರೆ ಪೂರ್ತಿ ಒಲೆಗೆ ಹೋಯಿತು ಎಂದು. ನನ್ನ ಲೆಕ್ಕದ ಪರೀಕ್ಷೆ “ಜಸ್ಟ್ ಪಾಸು”. ಅಜ್ಜಿ ಮಾತ್ರ ಕೊನೆಯವರೆಗೂ ಅದನ್ನು ಬಾಯಿಗೆ ತರಲಿಲ್ಲ.

ಹಬ್ಬಕ್ಕೆ ಬಂದಾಗಲೆಲ್ಲ ಮೇಷ್ಟ್ರು ಮಾವ ನನ್ನನ್ನು ಮುಂದೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಅವರಿಗೆ ಈ ಶಬ್ದದ ಮೇಲೆ ವಿಶೇಷ ಪ್ರೀತಿ. ಎಷ್ಟು ಸಣ್ಣದು, ಎಷ್ಟು ಕೆಲಸ ಮಾಡುತ್ತದೆ ನೋಡು ಎನ್ನುತ್ತಿದ್ದರು. ಬೆರಳು ಮಡಿಸಿ ಹೇಳಿಸುತ್ತಿದ್ದರು: ಈಗಷ್ಟೇ, ಬರೀ, ಸ್ವಲ್ಪದರಲ್ಲೇ, ಸರಿಯಾಗಿ. ಬಸ್ಸು ಜಸ್ಟ್ ಬಂತು ಅಂದರೆ ಈಗಷ್ಟೇ. ಜಸ್ಟ್ ಒಂದು ಇಡ್ಲಿ ಅಂದರೆ ಬರೀ ಒಂದು. ಜಸ್ಟ್ ಪಾಸು ಅಂದರೆ ಸ್ವಲ್ಪದರಲ್ಲೇ ಬಚಾವು. ಜಸ್ಟ್ ಹಾಗೇ ಅಂದರೆ ಸರಿಯಾಗಿ ಹಾಗೇ. ನಾನೊಮ್ಮೆ ಜಾಣತನ ತೋರಿಸಲು, ಡಿಕ್ಷನರಿಯಲ್ಲಿ ನ್ಯಾಯ ಅಂತಲೂ ಇದೆಯಲ್ಲ ಮಾವ ಎಂದಾಗ, ಅದು ಬೇರೆ ಜಾತಿಯ ಶಬ್ದ, ಈ ಪಾಠಕ್ಕೆ ಬರುವುದಿಲ್ಲ ಎಂದಿದ್ದರು. ಒಳ್ಳೆಯ ಮೇಷ್ಟ್ರು. ಇವತ್ತಿಗೂ ನನಗೆ ಆ ನಾಲ್ಕೂ ಅರ್ಥ ನಿದ್ದೆಗಣ್ಣಿನಲ್ಲಿ ಕೇಳಿದರೂ ಬರುತ್ತವೆ. ಪಾಠದ ಹೊತ್ತಿಗೆಲ್ಲ ಅತ್ತೆ ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದಳು. ಗಂಡನ ಪಾಂಡಿತ್ಯಕ್ಕೆ ಹಿಗ್ಗಿ ನಿಂತಿದ್ದಾಳೆ ಎಂದುಕೊಂಡಿದ್ದೆ. ಅವರು ಯಾವಾಗ ನೀರು ಕೇಳುತ್ತಾರೋ ಎಂದು ಕಾಯುತ್ತಿದ್ದಳು ಎಂಬುದು ಬಹಳ ತಡವಾಗಿ ಹೊಳೆಯಿತು.

ದಸರಾ ರಜೆಯ ಒಂದು ಬೆಳಿಗ್ಗೆ, ಹಬ್ಬವೆಲ್ಲ ಮುಗಿದ ಮೇಲೆ, ಅತ್ತೆ ಒಬ್ಬಳೇ ಸೊರಬದ ಬಸ್ಸಿನಿಂದ ಇಳಿದು ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಮದುವೆಯಾದ ಹೆಣ್ಣುಮಗಳು ಒಬ್ಬಳೇ, ಕರೆ ಕಳಿಸದೆ, ಕಾರಣವಿಲ್ಲದೆ ತವರಿಗೆ ಬರುವುದೆಂದರೆ ಓಣಿಯ ಹತ್ತು ಬಾಗಿಲು ಅರ್ಧ ತೆರೆದುಕೊಳ್ಳುತ್ತವೆ.

“ಏನವ್ವಾ, ಹಿಂಗ್ ಬಂದಿ?” ಎಂದಳು ಅಜ್ಜಿ.

“ಜಸ್ಟ್ ಎರಡು ದಿನಕ್ಕೆ, ಅವ್ವ. ನಿಮ್ಮನ್ನೆಲ್ಲ ನೋಡ್ಬೇಕು ಅನ್ನಿಸ್ತು.”

ನಾನು ಮನಸ್ಸಿನಲ್ಲೇ ಬೆರಳು ಮಡಿಸಿದೆ: ಬರೀ. ಬರೀ ಎರಡು ದಿನ. ಆದರೆ ಚೀಲ ಎತ್ತಿಕೊಳ್ಳಲು ಹೋದಾಗ ಅದು ಎರಡು ದಿನದ ತೂಕವಿರಲಿಲ್ಲ. ಅವಳ ಎಡಗೈಯಲ್ಲಿ ಬಳೆಗಳಿದ್ದವು, ಬಲಗೈ ಬರಿದಾಗಿತ್ತು. ಅಮ್ಮ ಅದನ್ನು ನೋಡಿ ಕೇಳಿದಾಗ, “ಬಚ್ಚಲಲ್ಲಿ ಜಸ್ಟ್ ಜಾರಿದೆ ಅತ್ಗೆ, ಒಡ್ದೋದ್ವು” ಎಂದಳು. ಅಮ್ಮ ಸುಮ್ಮನೆ ಪೆಟ್ಟಿಗೆ ತೆರೆದು ತನ್ನ ಹಸಿರು ಬಳೆಗಳನ್ನು ತಂದು ತೊಡಿಸಲು ಹೋದಳು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡಳು. ನೋವಾದವರು ಎಳೆದುಕೊಳ್ಳುವ ಹಾಗೆ.

ಎರಡು ದಿನ ಕಳೆಯಿತು, ಆಮೇಲೆ ಇನ್ನೂ ಕಳೆಯಿತು. ಯಾರೂ ಏನೂ ಕೇಳಲಿಲ್ಲ. ಅಜ್ಜಿಯ ವಿಚಾರಣೆ ಎಂದರೆ ಊಟಕ್ಕೆ ಹಾಕಿ ನೋಡುವುದು. ಅತ್ತೆ ತಟ್ಟೆಯ ಮೇಲೆ ಬಾಗಿ, ಯಾರೋ ಎಳೆದುಕೊಂಡು ಹೋಗುತ್ತಾರೆ ಎನ್ನುವಂತೆ ಗಬಗಬ ನುಂಗುತ್ತಿದ್ದಳು. ಓಣಿಯಲ್ಲಿ ಗಂಡಸಿನ ಚಪ್ಪಲಿ ಸದ್ದಾದರೆ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಅಜ್ಜಿ ಅವಳ ಮುಖ ನೋಡುತ್ತ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು, ಅಷ್ಟೇ. ಮನೆಯ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದ್ದರು. ಡಬ್ಬಿಯ ಮುಚ್ಚಳ ಕೂಡ ಸದ್ದು ಮಾಡುತ್ತಿರಲಿಲ್ಲ. ಹವಾಮಾನ ಹೇಳಲು ನನಗೆ ಏನೂ ಉಳಿದಿರಲಿಲ್ಲ, ಹಾಗಾಗಿ ನಾನು ಎಲ್ಲವನ್ನೂ ಊಹಿಸಿಕೊಂಡು ಹೆದರುವುದನ್ನು ಶುರುಮಾಡಿದೆ. ಆ ಕಸುಬು ಇನ್ನೂ ಕೈಬಿಟ್ಟಿಲ್ಲ. ಒಂದು ಬೆಳಿಗ್ಗೆ ಬಚ್ಚಲ ಒಲೆಗೆ ಸೌದೆ ತುರುಕುತ್ತಿದ್ದ ಅಮ್ಮ, ಹಲ್ಲುಜ್ಜುತ್ತಿದ್ದ ಅಪ್ಪನನ್ನು ತಡೆದು ನಿಲ್ಲಿಸಿದಳು.

“ಎಂತ ನೋಡ್ತಾ ಇದೀರಿ ನೀವು? ಅವಳ ಕೈ ನೋಡಿದ್ರಾ?”

“ನೋಡ್ದೆ. ಬಿದ್ದೆ ಅಂದ್ಲಲ್ಲ.”

“ಬಿದ್ರೆ ಮೊಣಕೈ ತರಚ್ತದೆ. ಬೆರಳಚ್ಚು ಮೂಡ್ತದಾ?”

ಅಪ್ಪ ಬಾಯಿ ಮುಕ್ಕಳಿಸಿ ಉಗಿದ. ಬಹಳ ಹೊತ್ತು ಮುಕ್ಕಳಿಸಿದ.

“ಗಂಡ ಹೆಂಡ್ತಿ ಮಧ್ಯ ನಾ ಏನಂತ ಹೋಗ್ಲಿ? ಸರ್ಕಾರಿ ಕೆಲಸದ ಮನುಷ್ಯ. ಊರೆಲ್ಲ ಮರ್ಯಾದಿ ಕೊಡತ್ತೆ. ನಾಳೆ ನಮಗೂ ಒಂದು ಹೆಣ್ಣು ಐತಿ.”

ಹಾಗೆಂದು ಅವನು ನನ್ನ ಕಡೆ ನೋಡಿದ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಜಡೆ ಬಿಚ್ಚಿಕೊಳ್ಳುತ್ತಿದ್ದ ನನಗೆ, ಅತ್ತೆ ಆ ಮನೆಗೆ ವಾಪಸು ಹೋಗಬೇಕಾದ್ದು ನನ್ನ ಸಲುವಾಗಿ ಎಂದು ಅರ್ಥವಾಯಿತು. ಅಂದಿನಿಂದ ಜಗತ್ತಿನಲ್ಲಿ ಏನು ಕೆಟ್ಟರೂ ಅದರಲ್ಲಿ ನನ್ನದೊಂದು ಪಾಲು ಇದ್ದೇ ಇರುತ್ತದೆ. ಅಂಬ್ಲಿಗೊಳದ ಕೆರೆಯಲ್ಲಿ ನೀರು ಕಡಿಮೆಯಾದರೂ ನಾನು ಒಂದು ಸಲ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಮೇಷ್ಟ್ರು ಮಾವ ಬಂದದ್ದು ಬುಧವಾರ. ಅದೇ ಬಿಳಿ ಶರ್ಟು, ಅದೇ ಎರಡು ಪೆನ್ನು. ನಡುಮನೆಯ ಕುರ್ಚಿಯಲ್ಲಿ ಕೂತು ಅಪ್ಪನಿಗೆ ನಗುನಗುತ್ತಲೇ ಹೇಳಿದರು:

“ಏನೂ ಇಲ್ಲ ಭಾವ. ಜಸ್ಟ್ ಒಂದು ಸಣ್ಣ ಮಾತು ಬಂತು. ಅಷ್ಟಕ್ಕೇ ಚೀಲ ಎತ್ಕೊಂಡು ಬಂದುಬಿಟ್ಟಿದಾಳೆ. ಸ್ಕೂಲು ಶುರುವಾಗೋ ಮುಂಚೆ ಕರೆಯೋಕೆ ಬಂದಿದೀನಿ. ಮಧ್ಯಾಹ್ನದ ಬಸ್ಸಿಗೆ ಕರ್ಕೊಂಡು ಹೋಗ್ತೀನಿ.”

“ಆಗ್ಲಿ ಮೇಷ್ಟ್ರೇ,” ಎಂದ ಅಪ್ಪ. ಅಜ್ಜಿಯ ಕಡೆ ನೋಡದೆ ಎಂದ.

ಅಜ್ಜಿ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಒಳಗೆ ಹೋದಳು. ಅಕ್ಕಿ ಕೋಣೆಯಿಂದ ಸೇರಿನಲ್ಲಿ ಅಕ್ಕಿ ತೋಡುವ ಸದ್ದು ಬಂತು. ಉಡಿ ತುಂಬುವ ತಯಾರಿ. ಒಳಗೆ ಅತ್ತೆ ಸೀರೆ ಉಡುತ್ತಿದ್ದಳು, ಹೊರಗೆ ಮಾವ ನನ್ನನ್ನು ಕರೆದು ಮುಂದೆ ನಿಲ್ಲಿಸಿಕೊಂಡರು.

“ಏನಮ್ಮಾ ವಿಮಲಾ, ನೆನಪಿದೆಯೋ ಮರೆತ್ಯೋ? ಜಸ್ಟ್ ಅಂದ್ರೆ?”

“ಈಗಷ್ಟೇ” ಎಂದೆ.

“ಗುಡ್. ಆಮೇಲೆ?”

ಅಕ್ಕಿ ಕೋಣೆಯ ಬಾಗಿಲಲ್ಲಿ ಅತ್ತೆ ಕಾಣಿಸಿದಳು. ಹೂ ಮುಡಿದಿದ್ದಳು. ಅಮ್ಮ ಅವಳ ಕೈಗೆ ಬಳೆ ತೊಡಿಸಿಯೇಬಿಟ್ಟಿದ್ದಳು.

“ಬರೀ,” ಎಂದೆ. “ಸ್ವಲ್ಪದರಲ್ಲೇ.” ನಾಲ್ಕನೆಯದು ನೆನಪಾಗಲಿಲ್ಲ. ಮಾವ ಬೆರಳು ಎತ್ತಿ ಹಿಡಿದು, ನಗುತ್ತ ಕಾದೇ ಕಾದರು. ಅಷ್ಟು ಹೊತ್ತೂ ಅತ್ತೆ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿಬಿಟ್ಟರೆ ಸಾಕು ಎನ್ನುವಂತೆ. ತಪ್ಪು ಉತ್ತರ ಕೊಟ್ಟವರಿಗೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿದ್ದಂತೆ.

ನಮ್ಮಲ್ಲಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರೆ. ಅವಳು ಸೆರಗು ಒಡ್ಡಿ ಕೂರಬೇಕು. ತಾಯಿಯಾದವಳು ಬೊಗಸೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆ ಬಟ್ಟೆ ಹಾಕಬೇಕು. ಆ ಅಕ್ಕಿಯನ್ನು ಗಂಡನ ಮನೆಯ ಒಲೆಯ ಮೇಲೆಯೇ ಬೇಯಿಸಬೇಕು. ಉಡಿ ತುಂಬಿಸಿಕೊಂಡು ಹೊಸಿಲು ದಾಟಿದವಳು ಆ ಸಲ ಮತ್ತೆ ತವರಿನ ಒಳಗೆ ಕಾಲಿಡುವಂತಿಲ್ಲ. ನಮ್ಮ ಅಜ್ಜಿ ಇದರಲ್ಲಿ ಬಲು ಬಿಗಿ. ಅವತ್ತು ಇನ್ನೊಂದು ತೊಡಕೂ ಇತ್ತು. ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರು, ಬಸ್ಸು ಬರುವುದು ಅದರ ಮಧ್ಯದಲ್ಲಿ. ರಾಹುಕಾಲದಲ್ಲಿ ಮನೆ ಬಿಡಬಾರದು. ಅದಕ್ಕೆ ನಮ್ಮವರು ಯಾವಾಗಲೂ ಮಾಡುವ ಉಪಾಯ ಮಾಡಿದರು. ಮೊದಲೇ ಉಡಿ ತುಂಬಿ ಹೊಸಿಲು ದಾಟಿಸಿ ಜಗಲಿಯಲ್ಲಿ ಕೂರಿಸಿಬಿಡುವುದು. ಹೊರಟ ಲೆಕ್ಕವೂ ಆಗುತ್ತದೆ, ಬಸ್ಸೂ ಸಿಗುತ್ತದೆ. ಮಾವ ವಾಚು ನೋಡಿಕೊಂಡು ಮುಗುಳ್ನಕ್ಕರು, ಬೇಡವೆನ್ನಲಿಲ್ಲ.

ನಡುಮನೆಯಲ್ಲಿ ಕಂಬಳಿ ಹಾಸಿ ಅತ್ತೆಯನ್ನು ಕೂರಿಸಿದರು. ಅಮ್ಮ ಕುಂಕುಮ ಇಟ್ಟಳು. ಅಜ್ಜಿ ಬೊಗಸೆ ತುಂಬಿ ಸೆರಗಿಗೆ ಸುರಿಯತೊಡಗಿದಳು. ಅರಿಶಿನದ ಬಟ್ಟಲು ಹಿಡಿದು ಪಕ್ಕದಲ್ಲಿದ್ದ ನನಗೆ, ಅತ್ತೆ ತಲೆ ಎತ್ತದೆ ಹೇಳಿದ್ದು ಕೇಳಿಸಿತು:

“ಅವ್ವ, ಸಾವಕಾಶ ತುಂಬು.”

ಅಜ್ಜಿಯ ಬೊಗಸೆ ಗಾಳಿಯಲ್ಲಿ ನಿಂತಿತು. ಅಕ್ಕಿಯ ಕಾಳು ಬೆರಳ ಸಂದಿಯಿಂದ ಒಂದೊಂದೇ ಉದುರಿದವು. ಆಮೇಲೆ ಅವಳು ಉಳಿದದ್ದನ್ನು ಸುರಿದಳು, ಅತ್ತೆಯನ್ನು ಎಬ್ಬಿಸಿದಳು, ಹೊಸಿಲು ದಾಟಿಸಿದಳು. ಅತ್ತೆ ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕೂತಳು. ಬಸ್ಸು ಬಂದಿದೆಯೇ ನೋಡಿ ಬಾ ಎಂದು ಮಾವ ನನ್ನನ್ನು ಓಡಿಸಿದರು.

ಬಸ್‌ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸು ನಿಲ್ಲುವ ಜಾಗ ಖಾಲಿ ಇತ್ತು. ಎದುರಿನ ಹಣ್ಣಿನಂಗಡಿಯವನು ನನ್ನ ಮುಖ ನೋಡಿಯೇ ಹೇಳಿದ:

“ಸೊರಬದ್ದಾ? ಜಸ್ಟ್ ಹೋಯ್ತಲ್ಲೇ ಪಾಪ! ಸಂತಿ ಜನ ತುಂಬ್ಕಂಡ್ರು, ಇವತ್ತು ಮೊದ್ಲೇ ಬಿಟ್ಟ.”

ದೂರದಲ್ಲಿ ಅದರ ಹಿಂಭಾಗದ ಏಣಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನಮ್ಮ ಬಳಗದಲ್ಲಿ ಇವತ್ತಿಗೂ, ಬಸ್ಸು ನಿಂತಿದ್ದರೂ ಹೋಯಿತೆಂದು ಸುಳ್ಳು ಹೇಳಿದ ಗಟ್ಟಿಗಿತ್ತಿ ಎಂದು ನನ್ನನ್ನು ಹೊಗಳುತ್ತಾರೆ. ಮದುವೆ ಮನೆಗಳಲ್ಲಿ ಬೆನ್ನು ತಟ್ಟುತ್ತಾರೆ. ನಾನು ಎಷ್ಟು ಸಲ ನಿಜ ಹೇಳಿದರೂ ಅದನ್ನು ವಿನಯ ಎಂದು ಭಾವಿಸುತ್ತಾರೆ. ಸುಳ್ಳು ಹೇಳುವ ಎದೆ ನನಗಿದ್ದಿದ್ದರೆ ನನ್ನ ಬದುಕೇ ಬೇರೆ ಆಗುತ್ತಿತ್ತು. ಬಸ್ಸು ನಿಜವಾಗಿಯೂ ಹೋಗಿತ್ತು. ಅದನ್ನು ಹೋಗಿ ಹೇಳಬೇಕಲ್ಲ ಎಂದು, ಓಡಿ ಬಂದವಳು ನಡೆದೇ ವಾಪಸು ಹೋದೆ.

“ಮಾವ, ಬಸ್ಸು ಜಸ್ಟ್ ಹೋಯ್ತಂತೆ.”

“ಜಸ್ಟ್ ಅಂದ್ರೆ? ಕಣ್ಣಿಗೆ ಕಾಣ್ತಿತ್ತಾ? ಓಡಿದ್ರೆ ಸಿಗ್ತಿತ್ತಾ? ಸರಿಯಾಗಿ ಹೇಳು!”

ಆ ದನಿ ಪಾಠ ಮಾಡುವ ದನಿಯಾಗಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಅವರು ಚಪ್ಪಲಿ ಮೆಟ್ಟಿ, ಅಪ್ಪನನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡಿನತ್ತ ದೌಡಾಯಿಸಿದರು. ಜಗಲಿಯಲ್ಲಿ ಅತ್ತೆ ಉಳಿದಳು. ಹೊಸಿಲ ಒಳಗೆ ಅಜ್ಜಿ, ಅಮ್ಮ. ನಡುವೆ ನಾನು. ಅತ್ತೆಗೆ ಹೋಗಲು ಬಸ್ಸಿಲ್ಲ, ಒಳಗೆ ಬರುವಂತಿಲ್ಲ. ಬಿಸಿಲು ಮೆಲ್ಲಗೆ ಜಗಲಿ ಹತ್ತಿ ಅವಳ ಪಾದಕ್ಕೆ ಬಂತು. ಎದುರು ಮನೆಯ ಗೌರಕ್ಕ ಕೊಡ ಹಿಡಿದು ನಳದ ಕಡೆ ಹೊರಟವಳು ನಿಂತಳು.

“ಹೊಂಟ್ಯೇನೇ ಲಲಿತಾ?”

“ಹೂಂ ಅಕ್ಕ. ಜಸ್ಟ್ ಹೊಂಟೆ.”

ಗೌರಕ್ಕ ನೀರು ತುಂಬಿಕೊಂಡು ವಾಪಸು ಬಂದಾಗಲೂ ಅತ್ತೆ ಅಲ್ಲೇ ಕೂತಿದ್ದಳು. “ಇನ್ನೂ ಹೋಗಿಲ್ಲೇನೇ?” ಎಂದವಳು ತನ್ನ ಬಾಗಿಲಲ್ಲೇ ಕೊಡ ಇಳಿಸಿ ನಿಂತುಕೊಂಡಳು. ಅಮ್ಮ ಒಳಗಿನಿಂದ ನೀರು ತಂದಳು. ಸೆರಗು ಬಿಡುವಂತಿಲ್ಲದ್ದರಿಂದ ಅತ್ತೆಗೆ ಲೋಟ ಹಿಡಿಯಲು ಕೈ ಇರಲಿಲ್ಲ. ಅಮ್ಮ ಹೊಸಿಲಿನ ಮೇಲೆ ಬಗ್ಗಿ, ಮಗುವಿಗೆ ಕುಡಿಸುವಂತೆ ಬಾಯಿಗೆ ಹಿಡಿದಳು. ಅರ್ಧ ನೀರು ಕುತ್ತಿಗೆಗೆ ಇಳಿಯಿತು. ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು.

ಮಾವ ವಾಪಸಾದಾಗ ಅವರ ಶರ್ಟಿನ ಬೆನ್ನು ಒದ್ದೆಯಾಗಿತ್ತು. ಮುಂದಿನ ಬಸ್ಸು ಸಂಜೆಗಂತೆ. ಓಣಿಯಲ್ಲಿ ಈಗ ಗೌರಕ್ಕನ ಜೊತೆ ಇನ್ನೂ ಕೆಲವರು ನಿಂತಿದ್ದರು. ಮಾವ ಅವರನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು.

“ಬೀದಿಯಲ್ಲಿ ಎಂತ ಪ್ರದರ್ಶನ ಇದು? ಎದ್ದು ಒಳಗೆ ಹೋಗು.”

“ಉಡಿ ತುಂಬೈತಿ ಮೇಷ್ಟ್ರೇ,” ಎಂದಳು ಅಜ್ಜಿ ಒಳಗಿನಿಂದ. “ಒಳಗ ಬರಂಗಿಲ್ಲ.”

“ಅಮ್ಮಾ, ಇವೆಲ್ಲ ಯಾವ ಕಾಲದ್ದು? ಬಸ್ಸು ಬರೋ ತನಕ ಬಿಸಿಲಲ್ಲಿ ಕೂರ್ತಾಳಾ? ಏಳು ಅಂದೆ.”

ಅತ್ತೆ ಗಂಡನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಏಳಲಿಲ್ಲ. ಹಟದಿಂದಲ್ಲ. ಯಾರ ಮಾತು ಕೇಳಬೇಕೆಂದು ಅವಳಿಗೆ ತೋಚಲಿಲ್ಲ, ಅಷ್ಟೇ.

“ಜಸ್ಟ್ ಒಳಗೆ ನಡಿ!” ಎಂದರು ಮಾವ. ಈ ಬಗೆಯ ಬಳಕೆಯನ್ನು ಅವರು ನನಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಹಾಗೆಂದವರೇ ಅವಳ ಬಲತೋಳಿಗೆ ಕೈಹಾಕಿ ಎಳೆದರು. ಅಭ್ಯಾಸವಾದ ಕೈ, ನೋಡದೆಯೇ ಅದೇ ಜಾಗ ಹಿಡಿಯಿತು. ಸೆರಗು ಜಾರಿ ಅಕ್ಕಿ ಜಗಲಿಯ ಮೇಲೆ ಚೆಲ್ಲಿತು. ಕೊಬ್ಬರಿ ಬಟ್ಟಲು ಉರುಳಿಕೊಂಡು ಓಣಿಗೆ ಬಿತ್ತು.

“ಕೈ ಬಿಡ್ರಿ ಮೇಷ್ಟ್ರೇ.”

ಅಜ್ಜಿ ಹೊಸಿಲ ಹೊರಗೆ ಬಂದಿದ್ದಳು.

“ಅಮ್ಮಾ, ತಪ್ಪು ತಿಳ್ಕೋಬೇಡಿ. ನಾನು ಜಸ್ಟ್…”

“ಕೈ ಬಿಡ್ರಿ ಅಂದೆ.”

ಮಾವ ಬಿಟ್ಟರು. ತೋಳಿನ ಮೇಲೆ ಹಳದಿಗೆ ತಿರುಗುತ್ತಿದ್ದ ಹಳೆಯ ಗುರುತುಗಳಿದ್ದವು. ಅವುಗಳ ಮೇಲೆಯೇ ಈಗ ಹೊಸ ಬೆರಳುಗಳು ಕೆಂಪಗೆ ಏಳುತ್ತಿದ್ದವು. ಅಳತೆ ಒಂದೇ. ಅಜ್ಜಿ ಆ ತೋಳನ್ನು ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. ಆಮೇಲೆ ಅಪ್ಪನಿಗೂ ಕಾಣುವಂತೆ ತಿರುಗಿಸಿದಳು. ಅಪ್ಪ ಈ ಸಲ ಮುಖ ತಿರುಗಿಸಲಿಲ್ಲ.

“ಪುಟ್ಟಿ, ಮೊರ ತಗಂಬಾ.”

ನಾನು ತಂದುಕೊಟ್ಟೆ. ಅಜ್ಜಿ ಜಗಲಿಯ ಮೇಲೆ ಮಂಡಿಯೂರಿ, ಚೆಲ್ಲಿದ ಅಕ್ಕಿಯನ್ನು ಅಂಗೈಯಿಂದ ಒತ್ತರಿಸಿ ಮೊರಕ್ಕೆ ತುಂಬಿದಳು. ಆಮೇಲೆ ಮೊರವನ್ನು ಅತ್ತೆಯ ಮುಂದೆ ಹಿಡಿದಳು.

“ಹಾಕು.”

“ಅವ್ವ, ಹಂಗ್ ಮಾಡಿದ್ರೆ…”

“ಗೊತ್ತೈತಿ. ಹಾಕು.”

ಅತ್ತೆ ಸೆರಗಿನಲ್ಲಿ ಉಳಿದಿದ್ದನ್ನು ಮೊರಕ್ಕೆ ಸುರಿದಳು. ಓಣಿಯಲ್ಲಿ ಯಾರೋ ‘ಅಯ್ಯೋ’ ಎಂದರು. ಉಡಿಯ ಅಕ್ಕಿಯನ್ನು ತವರಿನಲ್ಲಿ ಬೇಯಿಸಿದರೆ ಮಗಳನ್ನು ಇನ್ನು ಗಂಡನ ಮನೆಗೆ ಕಳಿಸುವುದಿಲ್ಲ ಎಂದರ್ಥ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಅಜ್ಜಿ ಒಂದು ಕೈಯಲ್ಲಿ ಮೊರ, ಇನ್ನೊಂದು ಕೈಯಲ್ಲಿ ಮಗಳ ಕೈ ಹಿಡಿದು ಹೊಸಿಲು ದಾಟಿ ಒಳಗೆ ಹೋದಳು. ಅಪ್ಪ ಹಿಂದಿನಿಂದ ತೊದಲಿದ.

“ಅವ್ವ, ರಾಹುಕಾಲ…”

“ರಾಹುಕಾಲದಾಗ ಹೊರಡಬಾರದು. ಉಣ್ಣಬಾರದು ಅಂತ ಯಾರೂ ಹೇಳಿಲ್ಲ. ಮೇಷ್ಟ್ರೇ, ನೀವೂ ಉಂಡು ಹೋಗ್ರಿ. ಹೋಗೋದು ಮಾತ್ರ ಒಬ್ರೇ.”

ಮಾವ ಜಗಲಿಯಲ್ಲೇ ನಿಂತರು. ನೇರ ಸಾಲಿನ ಬಾಗಿಲುಗಳ ಆಚೆ ತುದಿಯಲ್ಲಿ ಅಜ್ಜಿ ಒಲೆ ಊದುವುದು, ಎಸರಿಗೆ ಅಕ್ಕಿ ಬೀಳುವುದು ಅವರಿಗೆ ಕಾಣುತ್ತಿತ್ತು. “ಯೋಚನೆ ಮಾಡಿ. ಇನ್ನು ನಾನು ಕರೆಯೋಕೆ ಬರೋನಲ್ಲ” ಎಂದರು ಅಪ್ಪನಿಗೆ. ಅಪ್ಪ ಬಗ್ಗಿ ಮಾವನ ಬ್ಯಾಗು ಎತ್ತಿಕೊಂಡ. “ಬರ್ರಿ ಮೇಷ್ಟ್ರೇ, ಬಸ್‌ಸ್ಟ್ಯಾಂಡ್ ತನಕ ಬರ್ತೀನಿ” ಎಂದ. ನನ್ನ ಅಪ್ಪ ತನ್ನ ಜೀವಮಾನದಲ್ಲಿ ಯಾರಿಗೂ ಇದಕ್ಕಿಂತ ಒರಟಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಆಮೇಲಿನದು ಸುಲಭವಾಗಿರಲಿಲ್ಲ. ಸೊರಬದಿಂದ ಹಿರಿಯರು ಬಂದರು, ನಡುಮನೆಯಲ್ಲಿ ಕೂತು ಗದರಿದರು, ಬೇಡಿಕೊಂಡರು. ಓಣಿಯ ಕೆಲವರು ಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸಿದರು. ಚಪ್ಪಲಿ ಸದ್ದಿಗೆ ಬೆಚ್ಚುವ ಕೆಲಸವನ್ನು ಅತ್ತೆ ಕ್ರಮೇಣ ಬಿಟ್ಟಳು, ನಾನು ವಹಿಸಿಕೊಂಡೆ. ಅತ್ತೆ ಅಪ್ಪನಿಗೆ ಬುತ್ತಿ ಕೊಡಲು ಸೈಕಲ್ ಶಾಪಿಗೆ ಹೋಗುತ್ತಿದ್ದವಳು ಗಾಳಿ ಹೊಡೆಯಲು ನಿಂತಳು, ಆಮೇಲೆ ಪಂಕ್ಚರ್ ಹಾಕಲು ಕೂತಳು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಹುಡುಕುವಾಗ ಅವಳ ಮುಖದಲ್ಲಿ ಇರುತ್ತಿದ್ದ ನೆಮ್ಮದಿ, ನಾನು ದೇವಸ್ಥಾನಗಳಲ್ಲೂ ಹೆಚ್ಚು ಕಂಡಿಲ್ಲ. ನಾನೇನೋ ಬೆಳೆದು, ಯಾವ ತೊಂದರೆಯೂ ಇಲ್ಲದೆ, ಅದೇ ಸೊರಬಕ್ಕೆ ಸೊಸೆಯಾಗಿ ಬಂದೆ. ಅಪ್ಪ ಹೆದರಿದಂತೆ ಏನೂ ಆಗಲಿಲ್ಲ. ಹೆದರಿದ್ದು ಮಾತ್ರ ನನ್ನ ಪಾಲಿಗೆ ಬಂತು.

ಆದರೆ ಆ ದಿನವನ್ನು ನೆನೆದಾಗ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಜಗಲಿಯಲ್ಲ, ಊಟದ ಹೊತ್ತು. ಅಪ್ಪ ಬಸ್‌ಸ್ಟ್ಯಾಂಡಿನಿಂದ ಬಂದು ಕೈಕಾಲು ತೊಳೆದು ಕೂತ. ಅನ್ನ ಬೆಂದಿತ್ತು, ಅಲ್ಲಲ್ಲಿ ಜಗಲಿಯ ಮಣ್ಣು ಹಲ್ಲಿಗೆ ಸಿಗುವಂತಿತ್ತು. ಮದುವೆಯಾಗಿ ಹೋದ ಮಗಳು ತವರಿಗೆ ಬಂದರೆ ಅವಳು ನೆಂಟಳು. ನಾವೆಲ್ಲ ನೆಲಕ್ಕೆ ಕೂತರೂ ಅವಳಿಗೊಂದು ಮಣೆ ಹಾಕಿ ಬಡಿಸುವುದು ನಮ್ಮ ಮನೆಯ ರೂಢಿ. ಅತ್ತೆ ಬಂದಾಗಿನಿಂದ ಹಾಗೆಯೇ ನಡೆದಿತ್ತು. ಅವತ್ತೂ ಅಮ್ಮ ಮಣೆ ತಂದಿಟ್ಟಳು. ಅತ್ತೆ ಅದರ ಪಕ್ಕದಲ್ಲಿ, ಕೂರಲೋ ಬೇಡವೋ ಎಂದು, ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಸೆರಗಿನಲ್ಲಿ ಅರಿಶಿನದ ಕಲೆ ಇನ್ನೂ ಇತ್ತು. ಅಜ್ಜಿ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದಳು.

“ಅವಳಿಗ್ಯಾಕ ಮಣಿ? ಏ ಲಲ್ತಿ, ಏನ್ ನೋಡ್ತಾ ನಿಂತಿ? ಒಲಿ ಮ್ಯಾಲೆ ಸಾರೈತಿ, ಇಳಿಸ್ಕಂಡು ಬಂದು ಎಲ್ರಿಗೂ ಬಡ್ಸು.”

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳನ್ನು ಅತ್ತಿತ್ತ ಸರಿಸುವ ಸದ್ದಾಯಿತು. ನಾವು ತಟ್ಟೆಯ ಮುಂದೆ ಕಾಯುತ್ತ ಕೂತೆವು. ಬಂದಾಗಿನಿಂದ ಗೋಡೆಗೂ ಕೇಳಿಸದಂತೆ ಮಾತಾಡುತ್ತಿದ್ದವಳು ಎದುರು ಮನೆಯ ಗೌರಕ್ಕನಿಗೂ ಕೇಳುವಷ್ಟು ಗಟ್ಟಿಯಾಗಿ ಒಳಗಿನಿಂದ ಕೂಗಿದಳು:

“ಅತ್ಗೇ! ಇಕ್ಕಳ ಎಲ್ಲಿಟ್ಟೀರಿ?”